ನೋಹನ ನಾವೆಯ ಸಗಣಿ

ತುಮಕೂರಿನ ಸದಾಶಿವನಗರದಲ್ಲಿ ಒಂದು ಕಲ್ಲುಬೆಂಚಿದೆ. ಬೆಳಗಿನ ವಾಕಿಂಗ್ ಮುಗಿಸಿ ಅಲ್ಲಿ ಕೂರುವ ಮೂವರಿಗೂ ದೇವರಲ್ಲಿ ನಂಬಿಕೆಯಿಲ್ಲ. ಆದರೆ ಬೆಂಚಿಗೊಂದು ಕಟ್ಟುನಿಟ್ಟಾದ ನಿಯಮವುಂಟು. ಯಾರೂ ಇನ್ನೊಬ್ಬರ ದೇವರ ತಂಟೆಗೆ ಹೋಗುವಂತಿಲ್ಲ, ಅವರವರ ಮನೆ ದೇವರನ್ನು ಅವರವರೇ ಬೈಯಬೇಕು. ಮಠದ ಭಕ್ತರ ಮನೆಯ ಮಲ್ಲಿಕಾರ್ಜುನ್ ತಮ್ಮ ಮನೆಯ ಪೂಜೆಗಳನ್ನು ನೋಡಿಕೊಳ್ಳುತ್ತಾರೆ, ಕುಣಿಗಲ್ ಕಡೆಯ ಅನಂತರಾಜು ತಮ್ಮವರ ಹರಕೆಗಳನ್ನು. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ತಪ್ಪಿಗೆ ಸತ್ಯವೇದದ, ಅಂದರೆ ಬೈಬಲ್ಲಿನ ಇಲಾಖೆ ಜಯಪ್ರಕಾಶ್ ಅವರ ಪಾಲಿಗೆ ಬಂದಿದೆ.

ಅವರೇನು ಕಾಟಾಚಾರಕ್ಕೆ ಇಲಾಖೆ ನಡೆಸುವವರಲ್ಲ. ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೆಲಸ ವಾಪಸ್ ಕಳಿಸುತ್ತಿದ್ದ ಮನುಷ್ಯ, ಸತ್ಯವೇದವನ್ನು ಬಿಡುತ್ತಾರೆಯೇ?

"ಪಾಪ ಜಾಸ್ತಿಯಾಯ್ತು ಅಂತ ದೇವ್ರು ಭೂಮೀನೇ ಮುಳುಗಿಸ್ಬಿಟ್ಟ, ಸರಿ. ಮೀನಿಗೇನಾಯ್ತು? ಅವಕ್ಕೆ ಹಬ್ಬ ಕಣ್ರಯ್ಯ! ಪಾಪ ಮಾಡಿದ್ ಮೀನು ಒಂದಾದ್ರೂ ಸತ್ತದಾ?" ಎಂದರೆ ಬೆಂಚು ಬಿದ್ದು ಬಿದ್ದು ನಗುತ್ತಿತ್ತು.

ಮನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಹೆಂಡತಿ ಶಕುಂತಲಮ್ಮ ಅಪ್ಪಟ ಭಕ್ತೆ. ನಲವತ್ತು ವರ್ಷದಿಂದ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾರೆ. ಗಂಡ ಗೇಟಿನವರೆಗೆ ಸ್ಕೂಟರಿನಲ್ಲಿ ಬಿಟ್ಟು, ಹೊರಗಿನ ಹೊಂಗೆಮರದ ಕೆಳಗೆ ಪೇಪರ್ ಓದುತ್ತಾ ಕಾಯುತ್ತಾರೆ. ಒಳಗೆ ಬನ್ನಿ ಅಂತ ಆಕೆಯೂ ಬಲವಂತ ಮಾಡಿದವರಲ್ಲ, ಹೋಗಬೇಡ ಅಂತ ಈತನೂ ಅಂದವರಲ್ಲ. ಹೀಗೇ ತಣ್ಣಗೆ ನಡೆದಿತ್ತು ಸಂಸಾರ.

ಹೋದ ವರ್ಷ ಶಕುಂತಲಮ್ಮನ ಎರಡೂ ಕಣ್ಣಿಗೆ ಪೊರೆ ಬಂತು. ಶುಗರ್ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದರು ಡಾಕ್ಟರ್. ಸರಿಯಾಗಿ ಅದೇ ಹೊತ್ತಿಗೆ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಹೆಂಗಸರೇ ಆರಾಧನೆ ನಡೆಸುವ ಸ್ತ್ರೀಯರ ಭಾನುವಾರದ ಪಟ್ಟಿ ಬಂದು, ಸಭೆಯ ಮುಂದೆ ಸತ್ಯವೇದದ ಪಾಠ ಓದುವ ಸರದಿ ಆಕೆಗೆ ಸಿಕ್ಕಿಬಿಟ್ಟಿತ್ತು! ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹೆಂಗಸು. ಪ್ರತಿ ವರ್ಷವೂ ಬಿ.ಎ. ಓದಿದವರು, ರಿಟೈರ್ಡ್ ಟೀಚರ್‌ಗಳೇ ಓದುತ್ತಿದ್ದರು. ಇದೇ ಮೊದಲ ಸಲ ಹೆಸರು ಬಂದಿತ್ತು.

"ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರೆ ಕಣ್ರೀ. ನೀವು ದಿನಾ ಓದಿ ಹೇಳಿ, ನಾನು ಬಾಯಿಪಾಠ ಮಾಡ್ಕೋತೀನಿ. ಅವತ್ತು ಪುಸ್ತಕ ಸುಮ್ನೆ ಮುಂದೆ ಇಟ್ಕೊಂಡ್ರಾಯ್ತು," ಎಂದು ಆಕೆ ಗಂಡನ ಕೈ ಹಿಡಿದುಕೊಂಡರು.

ಆಕೆಯ ಮುಖ ನೋಡಿ ಜಯಪ್ರಕಾಶ್ ಪುಸ್ತಕ ಕೈಗೆತ್ತಿಕೊಂಡರು. ಓದಿದರು. ಪಾಠವೋ, ಜಲಪ್ರಳಯದಿಂದ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಲು ನೋಹ ನಾವೆ ಕಟ್ಟಿದ್ದು. ಹಾಳಾದ ಬಾಯಿ ಸುಮ್ಮನಿರಬೇಕಲ್ಲ! ಗುಬ್ಬಿಯಲ್ಲಿದ್ದ ಬಾಲ್ಯದಲ್ಲಿ ಎರಡು ಹಸುವಿನ ಕೊಟ್ಟಿಗೆ ಬಾಚುವುದು ಅವರದೇ ಕೆಲಸವಾಗಿತ್ತು. ಉದ್ದ ಮುನ್ನೂರು ಮೊಳ, ಪಕ್ಕದಲ್ಲೊಂದು ಬಾಗಿಲು, ಅಂತಸ್ತು ಮೂರು ಎಂದು ಓದುತ್ತಿದ್ದವರು, ಪ್ರತಿ ಪ್ರಾಣಿಯ ಜೋಡಿ ಎನ್ನುವಲ್ಲಿಗೆ ಬಂದಾಗಲೆಲ್ಲ ನಿಲ್ಲಿಸಿ, "ಅಲ್ಲ ಕಣೇ, ಸಗಣಿ ಎತ್ತೋರು ಯಾರು? ಜನ ಇದ್ದಿದ್ದೇ ಎಂಟು. ಆನೆ ಜೋಡೀದೇ ದಿನಕ್ಕೆರಡು ಕ್ವಿಂಟಲ್ ಆಯ್ತದೆ!" ಎನ್ನುವರು. ಆಕೆ "ಮುಂದಕ್ಕೆ ಓದ್ರೀ," ಅನ್ನುವರು, ಅಷ್ಟೇ. ಮೂರು ವಾರ ದಿನಕ್ಕೆರಡು ಸಲ ಹೀಗೇ ನಡೆಯಿತು.

ಆ ಭಾನುವಾರ ಶಕುಂತಲಮ್ಮ ರೇಷ್ಮೆ ಸೀರೆ ಉಟ್ಟು ಗೇಟಿನೊಳಗೆ ಹೋದರು. ಜಯಪ್ರಕಾಶ್ ಮರದ ಕೆಳಗೆ ನಿಂತರು. ಪೇಪರ್ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಎಲ್ಲಾದರೂ ಮರೆತು ನಿಂತರೆ? ನಾಲ್ಕು ಜನ ಆಡಿಕೊಂಡರೆ? ಯಾವ ದೇವರಿಗೂ ಕೈಮುಗಿಯದ ಮನುಷ್ಯ, ಯಾರನ್ನು ಕೇಳಿಕೊಳ್ಳಬೇಕೋ ತಿಳಿಯದೆ ಒದ್ದಾಡಿದರು.

ಮೈಕಿನಲ್ಲಿ ಆಕೆಯ ದನಿ ಬಂತು. ಒಂದು ತಡವರಿಕೆಯಿಲ್ಲ. ಮೊಳದ ಲೆಕ್ಕ ಸರಿ, ಬಾಗಿಲು ಸರಿ, ಅಂತಸ್ತು ಸರಿ. ಭೇಷ್ ಅಂದುಕೊಂಡರು ಜಯಪ್ರಕಾಶ್.

"ಪ್ರತಿ ಪ್ರಾಣಿಯ ಜೋಡಿ. ಅಲ್ಲ ಕಣೇ, ಸಗಣಿ ಎತ್ತೋರು ಯಾರು?"

ಅಯ್ಯಯ್ಯೋ! ಚರ್ಚಿನೊಳಗೆ ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಲ್ಲಿ ಯಾವಳೋ ಕಿಸಕ್ಕೆಂದಳು. ತಾನೇ ಹಾಳು ಮಾಡಿದೆ, ಪಾಪದವಳ ಒಂದೇ ಒಂದು ಆಸೆಯನ್ನು ಬಾಯಿಚಪಲಕ್ಕೆ ಹಾಳು ಮಾಡಿದೆ ಎಂದು ಜಯಪ್ರಕಾಶ್ ಹಣೆ ಚಚ್ಚಿಕೊಂಡರು. ಓಡಿಹೋಗಿ ಕರೆದುಕೊಂಡು ಬರೋಣವೆಂದು ಗೇಟಿಗೆ ಕೈಯಿಟ್ಟರು.

ಅಷ್ಟರಲ್ಲಿ ಮೈಕು ಮತ್ತೆ ಮಾತಾಡಿತು.

"ಇನ್ಯಾರು ಎತ್ತಿರ್ತಾರೆ? ನೋಹನ ಹೆಂಡ್ತಿ, ಮೂರು ಜನ ಸೊಸೇರು. ಗಂಡಸ್ರದ್ದು ನಾಲ್ಕೂ ಹೆಸ್ರು ಬರೆದವ್ರೆ, ಇವ್ರದ್ದು ಒಂದೂ ಬರೆದಿಲ್ಲ." ಹೀಗೆಂದವರೇ ಏನೂ ಆಗಿಲ್ಲವೆಂಬಂತೆ ಉಳಿದ ಪಾಠವನ್ನು ಕೊನೆಯವರೆಗೂ ಹೇಳಿ ಮುಗಿಸಿದರು.

ಮೊದಲು ನಕ್ಕಿದ್ದು ಹೆಂಗಸರು. ಆಮೇಲೆ ಇಡೀ ಚರ್ಚು ನಕ್ಕಿತು. ಸಭಾಪಾಲಕರಾದ ಪಾದ್ರಿಗಳು ತಮ್ಮ ಉಪದೇಶದ ಚೀಟಿ ಮಡಿಸಿ ಜೇಬಿಗಿಟ್ಟು, "ಅಮ್ಮ ಹೇಳಿದ್ ಮೇಲೆ ನಂದೇನೂ ಉಳಿದಿಲ್ಲ," ಎಂದರಂತೆ.

ಸ್ಕೂಟರ್ ಹತ್ತುವಾಗ ಜಯಪ್ರಕಾಶ್, "ನನ್ನಿಂದ ತಪ್ಪಾಯ್ತು ಕಣೇ," ಎಂದರು.

"ನಲವತ್ತು ವರ್ಷದಿಂದ ನೀವು ಒಳಗೆ ಬರ್ಲಿಲ್ಲ. ಇವತ್ತು ನಿಮ್ ಮಾತಾದ್ರೂ ಬಂತಲ್ಲ ಬುಡಿ," ಎಂದರು ಆಕೆ.

ಮರುದಿನ ಬೆಂಚಿನಲ್ಲಿ ಇದನ್ನು ಹೇಳಿದಾಗ ಮಲ್ಲಿಕಾರ್ಜುನ್, "ಇನ್ಮೇಲೆ ನಿಮ್ ಇಲಾಖೇನ ಅಕ್ಕೋರಿಗೇ ವಹಿಸ್ಬಿಡಿ," ಎಂದರು. ಜಯಪ್ರಕಾಶರಿಗೆ ಹೆಮ್ಮೆಯಾಯಿತು.

ಅವರೆಕಾಯಿ ಕಾಲಕ್ಕೆ ಆಪರೇಷನ್ ಆಯಿತು. ಶಕುಂತಲಮ್ಮನಿಗೆ ಈಗ ಸ್ಟೀಲ್ ಲೋಟದ ಗೀರೂ ಕಾಣುತ್ತದೆ. ತಮ್ಮ ಓದಿನ ಕೆಲಸ ಮುಗಿಯಿತಲ್ಲ ಎಂದು ಜಯಪ್ರಕಾಶರಿಗೆ ಒಳಗೊಳಗೇ ಬೇಜಾರು. ಒಂದು ಸಂಜೆ ಆಕೆ ಮೊರದ ತುಂಬ ಅವರೆಕಾಯಿ ತಂದು ಜಗಲಿಯಲ್ಲಿ ಕೂತರು. ಪುಸ್ತಕವನ್ನು ಗಂಡನ ತೊಡೆಯ ಮೇಲಿಟ್ಟರು.

"ನಿಂಗೀಗ ಚೆನ್ನಾಗಿ ಕಾಣ್ತದಲ್ಲ, ನೀನೇ ಓದ್ಕೋ."

"ನಾನು ಓದ್ಕೊಂಡ್ರೆ ಬರೀ ಅದ್ರಲ್ಲಿರೋದೇ ಇರ್ತದೆ. ನೀವು ಓದಿ."

ಜಯಪ್ರಕಾಶ್ ಕನ್ನಡಕ ಹಾಕಿಕೊಂಡರು. ಅಂದು ದೊಡ್ಡ ಮೀನು ನುಂಗಿದ ಯೋನನ ಕಥೆ. ಯೋನ ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಎನ್ನುವಲ್ಲಿಗೆ ಬಂದು ಅವರು ಓದು ನಿಲ್ಲಿಸಿದರು. ಶಕುಂತಲಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ಗಂಡ ಏನು ಹೇಳುತ್ತಾರೋ ಎಂದು ಕಾಯುತ್ತಾ ಕೂತರು.