ಮುಚ್ಚಂಜೆಯ ನುಗ್ಗೆ ತಪ್ಪಲು

ಅಂದು ನಸುಕಿನಲ್ಲಿ ಎದ್ದು ಅಂಗಳ ಸಾರಿಸಿದೆ, ಆಡಿನ ಹಿಕ್ಕೆ ಬಳಿದೆ, ನೀರು ತುಂಬಿದೆ, ಜೋಳ ಹಸನು ಮಾಡಿ ಗಿರಣಿಗೆ ಹೋಗಿ ಬಂದೆ, ನೂಲಿಗೆ ಗಂಜಿ ಕಾಸಿದೆ, ಶೇಂಗಾ ಹುರಿದು ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬೆಳಗಿನಿಂದ ಒಳಗೆ ಕೂತು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಳಕಲ್ಲಿನ ಆ ಮನೆಯಲ್ಲಿ ಗಂಡಸರಿಬ್ಬರೂ ಮಗ್ಗದ ಕುಣಿಗೆ ಇಳಿದರೆ ಊಟಕ್ಕೇ ಏಳುವುದು. ಅವರಿಗೆ ನೂಲು ಒದಗಿಸುವುದು ಸೊಸೆಯರ ಪಾಲು. ಅತ್ತೆ ನನ್ನನ್ನು ದೊಡ್ಡಾಕಿ, ಅವಳನ್ನು ಸಣ್ಣಾಕಿ ಎಂದು ಕರೆಯುತ್ತಿದ್ದರು.

ಹಾಲು, ಬೆಣ್ಣೆ, ಕಾಯಿಪಲ್ಯ ಗಂಡಸರಿಗೆ, ಆಮೇಲೆ ಅತ್ತೆಗೆ. ನಮಗೆ ರೊಟ್ಟಿ, ಖಾರ. ನನ್ನ ತವರು ಹತ್ತಿರದ ಹುನಗುಂದ, ಆಗಾಗ ಹೋಗಿ ಹೊಟ್ಟೆತುಂಬ ಉಂಡು ಬರುತ್ತಿದ್ದೆ. ಸಣ್ಣಾಕಿಗೆ ಬೇವೂರಿನಲ್ಲಿ ಇದ್ದದ್ದು ಮಲತಾಯಿ. ಮದುವೆಯಾಗಿ ಬಂದ ಹೊಸದರಲ್ಲಿ ಕಂದೀಲಿನ ಬೆಳಕಿಗೇ ಹರಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದವಳು, ಎರಡನೆಯ ವರ್ಷಕ್ಕೆ ಮುಚ್ಚಂಜೆಯಾದರೆ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ದಿನ ನೀರನ್ನು ತಂಬಿಗೆಯ ಹೊರಗೇ ಸುರಿದಾಗ ನಾನು ಕೇಳಿದೆ.

“ಅಕ್ಕಾ, ಹೊತ್ತ ಮುಳುಗಿದ ಮ್ಯಾಲೆ ನನಗ ಏನೂ ಕಾಣೂದಿಲ್ಲ. ಅತ್ತಿಗೆ ಗೊತ್ತಾದ್ರ ಬೇವೂರಿಗೆ ಅಟ್ಟತಾರ. ಅಲ್ಲಿ ನನ್ನ ಯಾರೂ ಒಳಗ ಕರಕೊಳ್ಳೂದಿಲ್ಲ.”

ದವಾಖಾನೆಯ ನರ್ಸಬಾಯಿಯನ್ನು ಬೇರೆ ಯಾರದೋ ವಿಷಯವೆಂಬಂತೆ ಕೇಳಿದೆ. ಇರುಳುಗಣ್ಣಿಗೆ ನುಗ್ಗೆ ತಪ್ಪಲು, ಅಂದರೆ ಸೊಪ್ಪು, ತಿನ್ನಿಸು, ರಕ್ತಕ್ಕೂ ಒಳ್ಳೆಯದು, ಬಾಣಂತಿಗೆ ಹಾಲಿಗೂ ಒಳ್ಳೆಯದು ಎಂದಳು. ಹಿತ್ತಲಲ್ಲಿ ಮರ ಇದ್ದೇ ಇತ್ತು. ಕಾಯಿ ಗಂಡಸರ ಸಾರಿಗೆ, ತಪ್ಪಲು ಆಡಿಗೆ. ಆಡಿನ ಪಾಲಿನಲ್ಲಿ ಒಂದು ಹಿಡಿ ತೆಗೆದು, ಹೆಚ್ಚಿ, ಜೋಳದ ಹಿಟ್ಟಿನಲ್ಲಿ ಉಪ್ಪು ಖಾರದೊಂದಿಗೆ ಕಲಸಿ, ತಾಲಿಪೆಟ್ಟಿನಂತೆ ತಟ್ಟಿ, ಬೇಯಿಸಿ ಅವಳಿಗೆ ಕೊಡುತ್ತಿದ್ದೆ. ಕೆಲವು ವಾರ ಹೀಗೆ ನಡೆಯಿತು. ಸಂಜೆ ಹೊಸ್ತಿಲು ಮಸುಕಾಗಿ ಕಾಣುತ್ತದೆ ಅಕ್ಕಾ ಎಂದು ಒಮ್ಮೆ ನಕ್ಕಳು.

ಕೆಳಗಿನ ಟೊಂಗೆ ಬೋಳಾದದ್ದು ಅತ್ತೆಯ ಕಣ್ಣಿಗೆ ಬಿತ್ತು. “ಸಣ್ಣಾಕಿ ಆಡ ಆಗ್ಯಾಳೇನ, ದಿನಾ ತಪ್ಪಲ ಮೇಯಾಕ?” ಎಂದರು. ಜಗುಲಿಯ ಮೇಲಿದ್ದ ನೆರೆಮನೆಯ ಮುದುಕಿ, ಹಿಂದೆ ಇರುಳುಗಣ್ಣಿನವರಿಗೆ ಇದನ್ನೇ ತಿನ್ನಿಸುತ್ತಿದ್ದರಲ್ಲ ಎಂದಳು. ಅತ್ತೆ ಒಳಗೆ ಕೂತಿದ್ದ ಸಣ್ಣಾಕಿಯತ್ತ ತಿರುಗಿ ನೋಡಿದರು.

ನಾನು ಮೊದಲು ಹೇಳಿದ ಆ ದಿನ ಮಳೆಗಾಲದ್ದು. ನುಗ್ಗೆಯ ಬೊಡ್ಡೆಗೆ ಕಂಬಳಿಹುಳ ಹಾಸಿದಂತೆ ಕೂತಿದ್ದವು. ನಾಳೆ ಪಂಜು ಹಿಡಿದು ಸುಡೋಣ, ಅತ್ತ ಯಾರೂ ಹೋಗಬೇಡಿರಿ ಎಂದು ಅಂದು ಬೆಳಿಗ್ಗೆ ನಮಗೆಲ್ಲ ಹೇಳಿದವರೇ ಅತ್ತೆ. ಒಳಗಿದ್ದ ಸಣ್ಣಾಕಿಗೆ ಮಾತ್ರ ಅದು ಗೊತ್ತಿರಲಿಲ್ಲ.

ನಾನು ಮುಚ್ಚಂಜೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಒಳಗೆ ಹೋಗಿ, ಇವತ್ತು ಎಲ್ಲರಿಗೂ ನುಗ್ಗೆ ತಪ್ಪಲ ಪಲ್ಯ, ಹರಿದುಕೊಂಡು ಬಾ ಎಂದು ಅವಳನ್ನು ಹಿತ್ತಲಿಗೆ ಕಳಿಸಿದರು. ಹಂಚಿನ ಮೇಲೆ ರೊಟ್ಟಿ ಬಿಟ್ಟು ನಾನು ಕಂದೀಲು ತೆಗೆದುಕೊಂಡು ಎದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು ಅದನ್ನು ಕೈಯಿಂದ ಕಸಿದರು.

“ಕಂದೀಲ ಯಾಕ? ಇನ್ನೂ ಬೆಳಕ ಐತಿ. ನೀ ರೊಟ್ಟಿ ನೋಡು, ಸೀಯತೈತಿ.”

ಬೆಳಕು ಇತ್ತು, ನಮಗೆ. ಹುಳ, ಹುಳ ಎಂದು ನಾನು ಒಳಗಿನಿಂದಲೇ ಕೂಗಿದೆ. ಅಷ್ಟರಲ್ಲಿ ಅವಳು ಟೊಂಗೆ ಹುಡುಕುತ್ತ ಎರಡೂ ಕೈಯಿಂದ ಬೊಡ್ಡೆ ತಬ್ಬಿದ್ದಳು.

ಅವಳು ಸೆರಗಿನಲ್ಲಿ ತಪ್ಪಲು ತುಂಬಿಕೊಂಡೇ ಒಳಗೆ ಬಂದಳು. ಅಂಗೈ, ಮೊಣಕೈ, ಗಲ್ಲವೆಲ್ಲ ದದ್ದು. ಅತ್ತೆ ಕಂದೀಲು ಎತ್ತಿ ಅವಳ ಕೈಯನ್ನು ಮಗ್ಗದಲ್ಲಿದ್ದ ಗಂಡುಮಕ್ಕಳಿಬ್ಬರಿಗೂ ತೋರಿಸಿದರು. “ಕಣ್ಣಿದ್ದಾಕಿ ಇಷ್ಟ ಹುಳದ ಮ್ಯಾಲೆ ಕೈ ಇಡ್ತಾಳೇನ? ಕುರುಡಿನ್ನ ಕಟ್ಟ್ಯಾರ ನಮಗ. ನಾಳಿ ಮುಂಜಾನಿ ಬೇವೂರಿಗೆ ಬಿಟ್ಟ ಬಾ.”

ಅವಳ ಗಂಡ ಕುಣಿಯೊಳಗಿಂದ ತಲೆ ಎತ್ತಿ ಒಂದೇ ಮಾತು ಕೇಳಿದ. “ಕಂಡಿಕಿ ಯಾರ ಸುತ್ತತಾರ?”

“ದೊಡ್ಡಾಕಿ ಕಣ್ಣ ಛಲೋ ಅದಾವ.”

ಹರಿದ ತಪ್ಪಲು ಕೆಡಿಸಬಾರದೆಂದು ನನಗೆ ಅಪ್ಪಣೆಯಾಯಿತು. ಹುಳ ನೋಡಿ ಬಿಡಿಸಿ ತೊಳೆದೆ, ಹೆಸರುಬೇಳೆ ಬೇಯಿಸಿದೆ, ಬಳ್ಳೊಳ್ಳಿ ಜಜ್ಜಿ ಒಗ್ಗರಣೆ ಹಾಕಿ, ಇಳಿಸುವಾಗ ಶೇಂಗಾ ಪುಡಿ ಉದುರಿಸಿದೆ. ತಪ್ಪಲು ಹೆಚ್ಚು ಹೊತ್ತು ಬೆಂದರೆ ಕಹಿಯಾಗುತ್ತದೆ. ಅಂದು ಕಹಿಯಾಗಿರಲಿಲ್ಲ.

ಗಂಡಸರು ರೊಟ್ಟಿ ಪಲ್ಯ ಉಂಡರು. ಅತ್ತೆ ಎರಡನೆಯ ಸಲ ಹಾಕಿಸಿಕೊಂಡು, ಕಣ್ಣಿಗೆ ಛಲೋ ಅಂತ, ಗಡಿಗೆಯ ತಳದ್ದನ್ನೂ ಬಳಿಸಿಕೊಂಡರು. ಕಂದೀಲಿನ ಹತ್ತಿರ ಕೂತು ನಾನು ಸಣ್ಣಾಕಿಯ ಅಂಗೈಯಿಂದ ಹುಳದ ಕೂದಲು ಕಿತ್ತೆ, ಸುಣ್ಣ ಹಚ್ಚಿದೆ. ನಾನು ಏನು ಕೀಳುತ್ತಿದ್ದೇನೆಂದು ಅವಳಿಗೆ ಕಾಣುತ್ತಿರಲಿಲ್ಲ, ಕೈಯನ್ನು ಮಾತ್ರ ಚಾಚಿ ಕೂತಿದ್ದಳು. ರೊಟ್ಟಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ. ನಿನ್ನೆಯ ರೊಟ್ಟಿಯನ್ನು ನಾನೇ ಮುರಿದು, ಶೇಂಗಾ ಹಿಂಡಿ ಹಚ್ಚಿ, ಬಾಯಿಗಿಟ್ಟೆ. ನಾನೂ ಅದನ್ನೇ ತಿಂದೆ.

ಮೊದಲು ನಿದ್ದೆ ಹೋದವರು ಅತ್ತೆ.