ವಾರದ ಮಟ್ಟಿಗೆ ಸತ್ತವಳು

ಒಂದು ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಚಹಾ ಹೀರುತ್ತಾ, "ಇವತ್ತಿಂದ ಒಂದು ವಾರ ನಾನು ಸತ್ತಿದ್ದೀನಿ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ," ಎಂದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ದಾರ ತಪ್ಪಿತು. ನಮ್ಮಮ್ಮ ಲೋಟ ಕೆಳಗಿಟ್ಟು, "ಬೆಳಿಗ್ಗೆ ಬೆಳಿಗ್ಗೆ ಎಂಥಾ ಮಾತು ಆಡ್ತೀಯೇ," ಎಂದು ಸೊಸೆಯನ್ನು ಗದರಿದಳು.

"ಇದು ಆಫೀಸಿನ ಸಾವು ಅತ್ತೆ. ಮನೇಲಿ ಬದುಕೇ ಇರ್ತೀನಿ."

"ಹಾಗಾದ್ರೆ ಸರಿ. ಅಡುಗೆ ನೀನೇ ಮಾಡ್ತೀಯಲ್ಲ?" ಎಂದು ಅಮ್ಮ ಖಾತ್ರಿ ಮಾಡಿಕೊಂಡು ಲೋಟ ಮತ್ತೆ ಎತ್ತಿಕೊಂಡಳು.

ಇವಳ ಕೆಲಸ ಏನೆಂದು ಹೇಳದಿದ್ದರೆ ನಮ್ಮ ಮನೆಮಂದಿಗೆಲ್ಲ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ರೈಲು ನಿಲ್ದಾಣದ ಹಿಂದೆ ಕಿಟಕಿಯೇ ಇಲ್ಲದ ಒಂದು ಕಟ್ಟಡವಿದೆ. ಊರಿನ ಇಂಟರ್ನೆಟ್ ಕಂಪನಿಗಳೆಲ್ಲ ನೆಲದಡಿಯಿಂದ ತಮ್ಮ ತಮ್ಮ ಕೇಬಲ್ ತಂದು ಅಲ್ಲಿ ಒಂದಕ್ಕೊಂದು ಜೋಡಿಸುತ್ತವೆ. ಆ ಜೋಡಣೆ ಕೆಡದಂತೆ, ಕಳ್ಳರು ಒಳಗೆ ನುಸುಳದಂತೆ ನೋಡಿಕೊಳ್ಳುವವಳು ಇವಳು. ನೀವು ಮಗುವಿನ ಫೋಟೊ ಕಳಿಸಿದರೂ, ಬಾಡಿಗೆ ಹಣ ಕಳಿಸಿದರೂ, ನಾದಿನಿಗೆ ಜಗಳದ ಮೆಸೇಜು ಕಳಿಸಿದರೂ ಅದು ಇವಳ ಮೂಗಿನಡಿಯಿಂದಲೇ ಹಾದುಹೋಗಬೇಕು. ಊರಿಗೆ ಇದು ಗೊತ್ತಿಲ್ಲ. ನೆಟ್ ಇರುವಾಗ ಇವಳನ್ನು ಯಾರೂ ನೆನೆಯುವುದಿಲ್ಲ. ನೆಟ್ ಹೋದಾಗ ಯಾರನ್ನು ಬೈಯಬೇಕೆಂದು ತಿಳಿಯದೆ ಎಲ್ಲರೂ ಮನೆಯವರನ್ನೇ ಬೈಯುತ್ತಾರೆ.

ಆಫೀಸಿನಲ್ಲಿ ಇವಳಿಗೆ 'ಇನ್ನೊಂದು ಮೇಡಂ' ಎಂದು ಹೆಸರು. ಹೊಸದಾಗಿ ಏನು ತಂದು ತೋರಿಸಿದರೂ "ಇದು ಕೆಟ್ರೆ ಇನ್ನೊಂದು ಎಲ್ಲಿದೆ?" ಎನ್ನುತ್ತಾಳೆ. ಅಲ್ಲಿ ಎರಡು ದೊಡ್ಡ ಕೇಬಲ್ಲುಗಳಿವೆ, ಒಂದು ಹೆದ್ದಾರಿಯ ಕಡೆಯಿಂದ, ಇನ್ನೊಂದು ಹೊಳೆಯ ಸೇತುವೆಯ ಮೇಲಿನಿಂದ. ಜನರೇಟರ್ ಎರಡು. ಡೀಸೆಲ್ ಕೊಡುವವರೂ ಇಬ್ಬರು, ಅದೂ ಒಬ್ಬರಿಗೊಬ್ಬರು ಮಾತು ಬಿಟ್ಟವರೇ ಆಗಬೇಕು. ಈ ರೋಗ ಮನೆಗೂ ಅಂಟಿದೆ. ಒಲೆ ಎರಡು, ಬಚ್ಚಲಿಗೆ ನಲ್ಲಿ ಎರಡು, ನನಗೆ ಕನ್ನಡಕ ಎರಡು, ಬೇಕಾದಾಗ ಎರಡೂ ಸಿಗುವುದಿಲ್ಲ. ನಾನು ದರ್ಜಿ. ಒಂದು ದಿನ ಹೇಳದೆ ಕೇಳದೆ ಇನ್ನೊಂದು ಹೊಲಿಗೆ ಯಂತ್ರ ಬಂದು ಇಳಿಯಿತು. ಆಮೇಲೆ ಒಮ್ಮೆ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಾ ನಿಂತಿದ್ದಳು. ಏನು ಯೋಚಿಸುತ್ತಿದ್ದಾಳೆಂದು ನಾನು ಕೇಳಲು ಹೋಗಲಿಲ್ಲ.

ಇಂಥವಳ ಕಟ್ಟಡಕ್ಕೆ ಹಿಂದಿನ ವಾರ ಒಬ್ಬ ಹೆಂಗಸು ತಪಾಸಣೆಗೆ ಬಂದಳಂತೆ. ಇವಳು ಉಬ್ಬಿಹೋಗಿ ತಾಲೀಮು ಮಾಡಿ ತೋರಿಸಿದಳು. ದೊಡ್ಡ ಕೇಬಲ್ ಕಿತ್ತಳು, ಎರಡನೆಯದು ಭಾರ ಹೊತ್ತಿತು. ಕರೆಂಟ್ ತೆಗೆದಳು, ಜನರೇಟರ್ ಗುಡುಗಿತು. ಆ ತಪಾಸಣೆಯ ಹೆಂಗಸು ಎಲ್ಲ ನೋಡಿ, "ತುಂಬಾ ಚೆನ್ನಾಗಿದೆ. ಈಗ ನೀವು ಹೊರಗೆ ನಿಂತ್ಕೊಳ್ಳಿ, ಇವರು ಇನ್ನೊಂದ್ಸಲ ಮಾಡ್ಲಿ," ಎಂದಳು. ಇವಳು ಹೊರಗೆ ಬಂದಳು. ಒಳಗಿದ್ದ ಎಂಜಿನಿಯರುಗಳೆಲ್ಲ ಇವಳು ಹೋದ ಬಾಗಿಲನ್ನೇ ನೋಡುತ್ತಾ ನಿಂತುಬಿಟ್ಟರು. ಅಷ್ಟು ವರ್ಷದ ತಾಲೀಮುಗಳಲ್ಲೆಲ್ಲ ಇವಳೇ ನಡುವೆ ನಿಂತು, ಅದು ತಿರುಗಿಸು, ಇದು ಹಿಡಿ, ಅಲ್ಲಲ್ಲ ಆ ಕಡೆ, ಎಂದು ಹೇಳುತ್ತಿದ್ದದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. "ಇಲ್ಲಿ ಎಲ್ಲದಕ್ಕೂ ಇನ್ನೊಂದಿದೆ, ನಿಮ್ಮೊಬ್ಬರಿಗೆ ಬಿಟ್ಟು. ನಿಮಗೇನಾದ್ರೂ ಆದ್ರೆ ಊರಿನ ನೆಟ್ ಕಥೆ ಮುಗೀತು," ಎಂದು ಹೇಳಿ ಆಕೆ ಹೊರಟುಹೋದಳು.

ಇವಳು ಮುಖ ಊದಿಸಿಕೊಂಡು ಮನೆಗೆ ಬಂದಳು. ಆಮೇಲೆ ಸಾಯುವ ತೀರ್ಮಾನಕ್ಕೆ ಬಂದಳು. ವಾರವಿಡೀ ಆಫೀಸಿಗೆ ಹೋಗಬಾರದು, ಆಕಾಶವೇ ಕಳಚಿ ಬಿದ್ದರೂ ಫೋನ್ ಎತ್ತಬಾರದು, ಒಂದು ಮಾತೂ ಹೇಳಿಕೊಡಬಾರದು. ಜವಾಬ್ದಾರಿ ಉದ್ದಣ್ಣನದು. ಅವನು ಇವಳೇ ತಿದ್ದಿ ತೀಡಿದ ಎಂಜಿನಿಯರ್, ಯಾವ ಬಾಗಿಲಿಗೂ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಈ ವಾರ ನೆಟ್ ನಿಂತರೆ ಇವಳು ಜೀವಮಾನವಿಡೀ ಕಲಿಸಿದ್ದು ಮಣ್ಣುಪಾಲು. ನಿಲ್ಲದಿದ್ದರೆ ಅಲ್ಲಿ ಇವಳು ಯಾಕೆ ಬೇಕು? ಇವಳಿಗೆ ಎರಡರ ಭಯವೂ ಇತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಪಾತ್ರೆ ಇಡುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು.

ಮೊದಲೆರಡು ದಿನ ಮನೆಯ ಪರದೆಗಳೆಲ್ಲ ಒಗೆಸಿಕೊಂಡವು. ನನ್ನ ಗುಂಡಿಗಳೆಲ್ಲ ಬಣ್ಣದ ಪ್ರಕಾರ ಬೇರೆ ಬೇರೆ ಡಬ್ಬಿ ಸೇರಿ, ಒಂದೂ ಕೈಗೆ ಸಿಗದಂತಾಯಿತು. "ಸತ್ತವರು ಇಷ್ಟು ಗದ್ದಲ ಮಾಡಲ್ಲ ಕಣೇ," ಎಂದೆ. ದುರುಗುಟ್ಟಿ ನೋಡಿದಳು.

ಮೂರನೇ ದಿನ ಬೆಳಿಗ್ಗೆ ಅಮ್ಮ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ಕೇಡಿಗ ಬಾಯಿ ತೆರೆದವನು ಮುಚ್ಚಲೇ ಇಲ್ಲ. ಇಸ್ತ್ರಿ ಮಾಡುತ್ತಿದ್ದ ಇವಳ ಕೈ ನಿಂತಿತು. "ನೆಟ್ ಇಷ್ಟು ಹೊತ್ತಿಗೆ ಎರಡನೇ ದಾರಿ ಹಿಡೀಬೇಕಿತ್ತು," ಎಂದು ತನಗೆ ತಾನೇ ಹೇಳಿಕೊಂಡಳು. ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಬೈಕ್ ನಿಂತ ಸದ್ದಾಯಿತು. ಇವಳು ಥಟ್ಟನೆ ಪರದೆಯ ಹಿಂದೆ ಸರಿದಳು. ಒಗೆದು ಕುಗ್ಗಿದ ಪರದೆಯ ಕೆಳಗೆ ಎರಡೂ ಪಾದಗಳು ಕಾಣುತ್ತಿದ್ದವು.

ಉದ್ದಣ್ಣ ತಲೆ ಬಗ್ಗಿಸಿ ಒಳಗೆ ಬಂದ, ಏದುಸಿರು ಬಿಡುತ್ತಿದ್ದ. "ಸರ್, ನಾನು ಮೇಡಂ ಹತ್ರ ಮಾತಾಡೋಕೆ ಬಂದಿಲ್ಲ."

"ಅವಳಿಲ್ಲಪ್ಪ. ತೀರಿಕೊಂಡಿದ್ದಾಳೆ."

"ಗೊತ್ತು ಸರ್." ಪಾದಗಳ ಕಡೆ ನೋಡದಿರಲು ಅವನು ಬಹಳ ಕಷ್ಟಪಡುತ್ತಿದ್ದ. "ರಸ್ತೆ ಅಗೆಯೋರು ಹೆದ್ದಾರಿ ಕೇಬಲ್ ಕಡಿದು ಹಾಕಿದಾರೆ. ಸೇತುವೆ ಕೇಬಲ್ ನಮ್ಮನ್ನ ಒಳಗೆ ಬಿಡ್ತಿಲ್ಲ. ಹೋದ ತಿಂಗಳು ಯಾರೋ ಕಳ್ಳರು ನಮ್ಮ ಹೆಸರು ಹೇಳ್ಕೊಂಡು ನುಗ್ಗೋಕೆ ನೋಡಿದ್ರಲ್ಲ, ಆವಾಗ ಮೇಡಂ ಅಲ್ಲಿ ಕಾವಲು ಬಿಗಿ ಮಾಡಿದ್ರು. ತಪಾಸಣೆ ದಿನ ಅವರೇ ಅದನ್ನ ಸಡಿಲ ಮಾಡ್ಕೊಂಡಿದ್ರು. ಈಗ ಅದು ನಮ್ಮನ್ನೇ ಕಳ್ಳರು ಅಂತಿದೆ. ಅದನ್ನ ಎಲ್ಲಿ ಸಡಿಲ ಮಾಡೋದು ಅಂತ ನೀವು ಸುಮ್ನೆ, ನಿಮ್ಮಷ್ಟಕ್ಕೆ ನೀವೇ, ಯಾರನ್ನಾದ್ರೂ ಕೇಳಿದ್ರೆ..."

ನನ್ನದು ಮೊದಲೇ ಮೆತ್ತನೆಯ ಕರುಳು. ಗೋಡೆಯ ಕಡೆ ತಿರುಗಿ, "ಅಯ್ಯಾ ಗೋಡೆ, ಆ ಕಾವಲು ಎಲ್ಲಿ ಸಡಿಲ ಮಾಡ್ತಾರೆ ನಿಂಗೇನಾದ್ರೂ ಗೊತ್ತಾ?" ಎಂದು ಗಟ್ಟಿಯಾಗಿ ಕೇಳಿದೆ. ಪರದೆ ನಡುಗಿತು. ಪಾದಗಳು ಒಂದು ಹೆಜ್ಜೆ ಮುಂದೆ ಬಂದವು, ಹಿಂದೆ ಹೋದವು. ಆಮೇಲೆ ಬಚ್ಚಲಿನ ಬಾಗಿಲು ಧಡ್ ಎಂದಿತು. ಒಂದು ನಲ್ಲಿ ಬಿಟ್ಟ ಸದ್ದು, ಅದರ ಹಿಂದೆಯೇ ಇನ್ನೊಂದರ ಸದ್ದು. ಬಾಯಿ ತಡೆಯಲಾಗದೆ ಕಿವಿ ಮುಚ್ಚಿಕೊಳ್ಳುವ ಉಪಾಯ ಮಾಡಿದ್ದಳು.

ಉದ್ದಣ್ಣ ಆ ಸದ್ದನ್ನು ಕೇಳಿಸಿಕೊಂಡು, "ಬರ್ತೀನಿ ಸರ್," ಎಂದು ಹೊರಟ. ಗಾಬರಿಯಲ್ಲಿ ತಲೆ ಬಗ್ಗಿಸುವುದನ್ನು ಮರೆತು ಬಾಗಿಲಿಗೆ ಹೊಡೆಸಿಕೊಂಡ.

ಬಚ್ಚಲಲ್ಲಿ ನೀರು ತುಂಬಿ ಹರಿಯುತ್ತಲೇ ಇತ್ತು. ನಾನು ಒಂದು ಅಂಗಿಯ ಕಾಲರ್ ಹೊಲಿದು, ತಿರುವುಮುರುವಾಗಿದೆಯೆಂದು ಬಿಚ್ಚಿ, ಮತ್ತೆ ಹೊಲಿಯುವ ಹೊತ್ತಿಗೆ ಮೊಬೈಲಿನ ಕೇಡಿಗ ಬಾಯಿ ಮುಚ್ಚಿದ. ಓಡಿಹೋಗಿ ಬಚ್ಚಲಿನ ಬಾಗಿಲು ತಟ್ಟಿದೆ. "ಬಂತು ಕಣೇ, ನೆಟ್ ಬಂತು."

ಹೊರಗೆ ಬಂದಳು. ಸೆರಗು ಒದ್ದೆ, ಕಣ್ಣು ಕೆಂಪು. "ಬರೋಕೆ ಸಾಧ್ಯಾನೇ ಇಲ್ಲ. ಅದನ್ನ ಸಡಿಲ ಮಾಡೋದು ಅವನಿಗೆ ಗೊತ್ತಿಲ್ಲ."

"ಬಂದಿದೆಯಲ್ಲ."

"ಹೇಗೆ ಬಂತು ಮತ್ತೆ?" ಎಂದವಳ ದನಿ ಒಡೆಯಿತು. ಮೂರು ದಿನದಿಂದ ಗೇಲಿ ಮಾಡುತ್ತಿದ್ದ ನಾನು ಒಣ ಟವೆಲ್ ತಂದು ಅವಳ ಕೈಗಿಟ್ಟೆ.

ಸಂಜೆ ಉದ್ದಣ್ಣ ಹಣೆಗೆ ಪಟ್ಟಿ ಅಂಟಿಸಿಕೊಂಡು ಮತ್ತೆ ಬಂದ. ಇವಳು ಮತ್ತೆ ಪರದೆಯ ಹಿಂದೆ ಸೇರಿದಳು. ಈ ಸಲವೂ ನನಗೇ ಹೇಳಿದ. "ಸಡಿಲ ಮಾಡೋದು ಕೊನೆಗೂ ಗೊತ್ತಾಗ್ಲಿಲ್ಲ ಸರ್. ಸೇತುವೆ ಕೇಬಲಿನ ಆ ತುದೀಲಿ, ಪಕ್ಕದೂರಲ್ಲಿ, ಇಂಥದ್ದೇ ಕಟ್ಟಡ ಇದೆ. ಹಳೇ ಲ್ಯಾಂಡ್‌ಲೈನ್ ಫೋನಿಂದ ಅವರಿಗೆ ಮಾಡಿದೆ. ಸಿಕ್ಕಿಹಾಕ್ಕೊಂಡಿದೀವಿ, ಸ್ವಲ್ಪ ಸಹಾಯ ಮಾಡ್ತೀರಾ ಅಂತ ಕೇಳಿದೆ. ನಾವು ನಾವೇ ಹೌದಾ ಅಂತ ಎಲ್ಲಾ ಜಾಲಾಡಿಸಿ ನೋಡಿ, ಅಲ್ಲಿಂದ್ಲೇ ದಾರಿ ಬಿಟ್ಟುಕೊಟ್ರು. ಆಮೇಲೆ ನಕ್ಕರು ಸರ್. ಇಷ್ಟು ವರ್ಷದಿಂದ ಇಲ್ಲೇ ಇದೀವಿ, ನಿಮ್ಮ ಕಡೆಯಿಂದ ಒಬ್ರೂ ಮಾತಾಡಿಸಿಲ್ಲ, ಈ ತುದೀಲಿ ಮನುಷ್ಯರಿದ್ದಾರೆ ಅಂತ ಗೊತ್ತಿತ್ತಾ ಅಂದ್ರು."

ಉದ್ದಣ್ಣ ಪರದೆಗೊಂದು ನಮಸ್ಕಾರ ಹಾಕಿ ಹೋದ.

ಇವಳು ಬಂದು ನನ್ನ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತಳು. "ಎರಡೆರಡು ಕೇಬಲ್ ಹಾಕಿಸ್ದೆ. ಆ ತುದಿಯವರನ್ನ ಕೇಳಬಹುದು ಅಂತ ನಂಗೆ ಹೊಳೀಲೇ ಇಲ್ಲ ಕಣ್ರೀ," ಎಂದಳು. ಹೊಳೆಯುವುದಾದರೂ ಹೇಗೆ? ಈ ಮನೆಗೆ ಬಂದಾಗಿನಿಂದ ಇವಳು ಒಂದು ಚೀಲ ಹಿಡಿದುಕೊಳ್ಳಿ ಎಂದವಳೂ ಅಲ್ಲ. ನಾನು ಏಳುವುದರೊಳಗೆ ತಾನೇ ಹೊತ್ತು ತಂದಿರುತ್ತಾಳೆ.

ಒದ್ದೆ ಪರದೆಗಳನ್ನೆಲ್ಲ ಹಿಂಡಿದ ಬಲಭುಜವನ್ನು ಎಡಗೈಯಿಂದ ಒತ್ತಿಕೊಂಡಳು. ನನ್ನನ್ನು ನೋಡಿದಳು, ನೆಲ ನೋಡಿದಳು, ಗಂಟಲು ಸರಿಮಾಡಿಕೊಂಡಳು.

"ರೀ, ಭುಜ ತುಂಬಾ ನೋಯ್ತಿದೆ. ಸ್ವಲ್ಪ ಎಣ್ಣೆ ತಿಕ್ಕಿ ಕೊಡ್ತೀರಾ?"

ಅರ್ಧ ಹೊಲಿಗೆಯಲ್ಲೇ ಬಿಟ್ಟು ಎದ್ದೆ. ಎದ್ದ ರಭಸಕ್ಕೆ ಸ್ಟೂಲು ಉರುಳಿ ಗುಂಡಿ ಡಬ್ಬಿಗಳಿಗೆ ಬಡಿದು, ಬಣ್ಣಬಣ್ಣದ ಗುಂಡಿಗಳೆಲ್ಲ ನೆಲದ ತುಂಬ ಹರಡಿದವು. ಇವಳು ಆರಿಸಲು ಬಗ್ಗಲಿಲ್ಲ, ಸುಮ್ಮನೆ ಕುಳಿತೇ ಇದ್ದಳು. ಒಳಗಿನಿಂದ ಅಮ್ಮ, "ಏನೋ ಅದು ಸದ್ದು?" ಎಂದಳು.

"ಏನಿಲ್ಲಮ್ಮ," ಎಂದೆ. "ನಂಗೊಂದು ಕೆಲಸ ಸಿಕ್ಕಿದೆ."