ಇಪ್ಪತ್ತೇಳನೆಯ ಚಿತ್ರ

ಅವಳನ್ನು ಎಲ್ಲರೂ ಫ್ರೇಮಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಚಿತ್ರಗಳಿಗೆ ಫ್ರೇಮು ಕಟ್ಟಿ ಸಂಸಾರ ತೂಗಿಸಿದವನು. ಒಂಬತ್ತು ವರ್ಷಕ್ಕೇ ಮಗಳ ಕೈಗೆ ಗರಗಸ ಕೊಟ್ಟಿದ್ದ. ಮೂಲೆಗೆ ಮೂಲೆ ಕೂಡಿಸಿದರೆ ನಡುವೆ ಕೂದಲೂ ತೂರಬಾರದು, ಅಂಥ ಕೈ ಅವಳದು. ಅಪ್ಪ ತೀರಿಕೊಂಡು ಅಂಗಡಿ ಮುಚ್ಚಿದಾಗ ಹರಾಜಿನ ಕಂಪನಿಯವರು ಹುಡುಕಿಕೊಂಡು ಬಂದು ಕೆಲಸ ಕೊಟ್ಟರು. ಅಲ್ಲಿ ಹಿಂದುಗಡೆಯ ಕೋಣೆಯಲ್ಲಿ, ಕಂಬಳಿ ಹಾಸಿದ ಉದ್ದನೆಯ ಮೇಜಿನ ಮುಂದೆ ಹದಿನೇಳು ವರ್ಷ ಕಳೆದಿದ್ದಳು. ಸಡಿಲವಾದ ಫ್ರೇಮು ಬಿಗಿ ಮಾಡುವುದು, ಬಿರುಕು ತುಂಬುವುದು, ಒಡೆದ ಗಾಜು ಬದಲಿಸುವುದು. "ಎಂಥಾ ದೊಡ್ಡ ಕಲಾವಿದನಾದ್ರೂ ನನ್ನ ನಾಲ್ಕು ಮೊಳೆ ಇಲ್ದೆ ಗೋಡೆ ಹತ್ತೋದಿಲ್ಲ ಬಿಡಿ" ಎಂದು ನಗುತ್ತಿದ್ದಳು.

ಆಧುನಿಕ ಮತ್ತು ಸಮಕಾಲೀನ ಕಲೆಯ ಹರಾಜಿಗೆ ಇನ್ನು ಎರಡು ವಾರ ಇತ್ತು. ದಿನಕ್ಕೆ ಐದಾರು ಚಿತ್ರಗಳು ಅವಳ ಮೇಜಿಗೆ ಬರುತ್ತಿದ್ದವು. ಒಂದು ಮಂಗಳವಾರ ಬೆಳಿಗ್ಗೆ ಕಾಗದ ಬಿಚ್ಚಿದರೆ ಹರಾಜಿನ ಪಟ್ಟಿಯ ಇಪ್ಪತ್ತೇಳನೆಯ ಚಿತ್ರ. ಹೆಸರು 'ಕಿಟಕಿಯ ಬಳಿ ಹೆಂಗಸು'. ಕೆಳಗೆ ಮೇಷ್ಟ್ರ ಸಹಿ. ಮೇಷ್ಟ್ರು ಎಂದರೆ ನಾಡೆಲ್ಲ ಹೆಸರಾದ ಹಿರಿಯ ಕಲಾವಿದರು. ಫ್ರೇಮಕ್ಕನ ತಮ್ಮ ಅವರ ಬಳಿ ಒಂಬತ್ತು ವರ್ಷ ಬಣ್ಣ ಅರೆದು, ಕುಂಚ ತೊಳೆದು, ಮೂವತ್ತು ತುಂಬುವಷ್ಟರಲ್ಲಿ ತೀರಿಕೊಂಡಿದ್ದ.

ಚಿತ್ರ ನೋಡಿದವಳೇ ಫ್ರೇಮಕ್ಕ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. ಹಸಿರು ಗೋಡೆಯ ಅಡುಗೆಮನೆ. ಬೆನ್ನು ತೋರಿಸಿ ನಿಂತ ಹೆಂಗಸು ಒದ್ದೆ ಬಟ್ಟೆ ಹಿಂಡುತ್ತಿದ್ದಾಳೆ. ಕಿಟಕಿಯ ಒಂದು ಗಾಜು ಒಡೆದಿದೆ, ಅದಕ್ಕೆ ಹಳೆಯ ಪತ್ರಿಕೆ ಅಂಟಿಸಿದೆ. ಅಡುಗೆಮನೆ ಯಾರ ಮನೆಯಲ್ಲಿಲ್ಲ, ಗಾಜು ಯಾರ ಮನೆಯಲ್ಲಿ ಒಡೆಯೋದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇಕ್ಕಳ ಹಿಡಿದು ಮೊಳೆ ಕಿತ್ತಳು. ಫ್ರೇಮು ಕಳಚಿತು. ಅದರ ಮರೆಯಲ್ಲಿದ್ದ ಕ್ಯಾನ್ವಾಸಿನ ಕೆಳಗಿನ ಅಂಚಿಗೆ ನಾಲ್ಕು ಬೆರಳಗಲದ ಪಟ್ಟಿ ಸೇರಿಸಿ ಹೊಲಿದಿತ್ತು. ಮೇಣ ಹಚ್ಚಿದ ದಪ್ಪ ದಾರ, ಒಂದೊಂದು ಹೊಲಿಗೆಗೂ ಎರಡೆರಡು ಸುತ್ತು. ಅದು ಅವಳದೇ ಕೈ.

ಇಪ್ಪತ್ತು ವರ್ಷದ ಹಿಂದೆ ತಮ್ಮನಿಗಾಗಿ ಆ ಬಟ್ಟೆ ಕತ್ತರಿಸಿದವಳು ಅವಳೇ. ನಾಲ್ಕು ಬೆರಳು ಕಡಿಮೆ ಬಿದ್ದಿತ್ತು. "ಅಳತೆ ತಪ್ಪದ ಅಕ್ಕನೂ ತಪ್ಪಿದಳಪ್ಪಾ!" ಎಂದು ತಮ್ಮ ಕುಣಿದಾಡಿದ್ದ. ಆಮೇಲೆ ಮೂರು ತಿಂಗಳು, ರಜೆ ಸಿಕ್ಕ ದಿನವೆಲ್ಲ ಅಡುಗೆಮನೆ ಬಾಗಿಲಲ್ಲಿ ಕೂತು ಅಮ್ಮನನ್ನು ಬರೆದ. ಒಂದು ದಿನ ನೋಡಿದರೆ ಚಿತ್ರ ಇಲ್ಲ.

"ಸರಿ ಬರಲಿಲ್ಲ ಅಕ್ಕ. ಮೇಲೆ ಬಿಳಿ ಬಳಿದುಬಿಟ್ಟೆ" ಎಂದಿದ್ದ.

"ಅಮ್ಮನ ಮೇಲೆ ಬಿಳಿ ಬಳಿಯೋಕೆ ನಿನಗೆ ಕೈಯಾದರೂ ಹೇಗೆ ಬಂತೋ? ಇನ್ನು ಮೇಲೆ ನನ್ನ ಹತ್ರ ಒಂದು ಗೇಣು ಬಟ್ಟೆ ಕೇಳಬೇಡ" ಎಂದು ಅವಳು ಹರಿಹಾಯ್ದಿದ್ದಳು. ಅವನು ಮತ್ತೆ ಬಟ್ಟೆ ಕೇಳಲೇ ಇಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಬರೀ ಊಟಕ್ಕೆ ಬಾ, ಬಾಗಿಲು ಹಾಕ್ಕೋ, ಇಷ್ಟೇ ಮಾತು. ಆಮೇಲೆ ಜ್ವರ ಬಂತು, ಜ್ವರ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಅವಳ ಸೆರಗು ಹಿಡಿದು "ಅಕ್ಕ, ಆ ಚಿತ್ರ..." ಎಂದು ಶುರು ಮಾಡಿದವನು ಕೆಮ್ಮಿದ. "ಈಗ್ಯಾಕೋ ಅದೆಲ್ಲ, ಸುಮ್ಮನೆ ಮಲಕ್ಕೋ" ಎಂದಳು. ಮಾರನೆಯ ದಿನ ಅವನಿರಲಿಲ್ಲ.

ಕ್ಯಾಟಲಾಗು ಬರೆಯುವ ಮೇಡಂ ಮೇಲಿನ ಮಹಡಿಯಲ್ಲಿ ಕೂರುತ್ತಿದ್ದರು. ಒಳ್ಳೆಯ ಹೆಂಗಸು. ಫ್ರೇಮಕ್ಕ ಅವರನ್ನು ಕೆಳಗೆ ಕರೆತಂದು ಹೊಲಿಗೆ ತೋರಿಸಿದಳು. "ಮೇಡಂ, ಇದು ನನ್ನ ತಮ್ಮ ಬರೆದದ್ದು."

ಮೇಡಂ ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. "ಹೊಲಿಗೆ ನಿಮ್ಮದು ಅಂತ ಒಪ್ತೀನಿ ಅಕ್ಕ. ಆದ್ರೆ ಶಿಷ್ಯನ ಮನೆಯಿಂದ ಬಂದ ಬಟ್ಟೆ ಮೇಲೆ ಮೇಷ್ಟ್ರೇ ಬರೆದಿರಬಹುದಲ್ವಾ?"

"ಅವರು ನಮ್ಮ ಅಡುಗೆಮನೆಗೆ ಯಾವತ್ತೂ ಬಂದವರಲ್ಲ."

ಮೇಡಂ ಕನ್ನಡಕ ತೆಗೆದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನೀವು ಸುಮ್ಮನಿದ್ರೆ ಇದು ಮೇಷ್ಟ್ರ ಹೆಸರಲ್ಲಿ ಮುಂದಿನ ಹಾಲ್‌ನಲ್ಲಿ ತೂಗುತ್ತೆ, ಸಾವಿರ ಜನ ನಿಂತು ನೋಡ್ತಾರೆ. ಬಾಯಿಬಿಟ್ರೆ ಇಳಿಸಬೇಕಾಗುತ್ತೆ. ನಿಮ್ಮ ತಮ್ಮನ ಹೆಸರು ಹಾಕಿ ತೂಗಿಸ್ತಾರೆ ಅಂತ ಮಾತ್ರ ಅಂದುಕೋಬೇಡಿ. ಯೋಚನೆ ಮಾಡಿ."

ಎರಡು ದಿನ ಅವಳು ಯೋಚಿಸಿದಳು. ಚಿತ್ರವನ್ನು ಮೇಜಿನ ಮೇಲೆ ಬಿಟ್ಟು ಬೇರೆ ಫ್ರೇಮುಗಳನ್ನು ರಿಪೇರಿ ಮಾಡಿದಳು. ಸುತ್ತಿಗೆ ಏಟು ಎರಡು ಸಲ ಬೆರಳಿಗೇ ಬಿತ್ತು. ಸಾವಿರ ಜನ ನೋಡಲಿ, ಹೆಸರು ಯಾರದಾದರೇನು ಎಂದು ಒಂದು ಮನಸ್ಸು. ಆದರೆ ಅವನು ಬಿಳಿ ಬಳಿಯಲಿಲ್ಲ ಎನ್ನುವುದು ಈಗ ತಿಳಿದಿದೆ. ಯಾಕೆ ಸುಳ್ಳು ಹೇಳಿದ ಎನ್ನುವುದು ತಿಳಿದಿಲ್ಲ. ಮೂರನೆಯ ದಿನ ಮೇಡಂ ಬಳಿ ಹೋಗಿ, "ಮೇಷ್ಟ್ರನ್ನ ಒಂದು ಸಲ ನೋಡಬೇಕು" ಎಂದಳು.

ಮೇಷ್ಟ್ರು ಎಂಬತ್ತು ದಾಟಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೊಣಕಾಲ ಮೇಲೆ ಶಾಲು ಹೊದ್ದು ಕೂತಿದ್ದರು. ಬಲಗೈ ಮಡಿಲಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು. ಮೇಡಂ ಫೋಟೋ ತೋರಿಸಿ ಮಾತು ಶುರು ಮಾಡುವಷ್ಟರಲ್ಲೇ ಅವರು ಫ್ರೇಮಕ್ಕನ ಕಡೆ ತಿರುಗಿದರು.

"ನೀನು ಅವನ ಅಕ್ಕ ಅಲ್ಲವೇನಮ್ಮ? ಯಾವತ್ತಾದ್ರೂ ಬರ್ತೀಯ ಅಂದುಕೊಂಡಿದ್ದೆ."

"ನನ್ನ ತಮ್ಮ ಕೊಟ್ಟನಾ ಇದನ್ನ? ಇಲ್ಲ ನೀವೇ ತಗೊಂಡ್ರಾ?"

"ಆ ವರ್ಷವೇ ಈ ಕೈ ನಡುಗೋಕೆ ಶುರುವಾಗಿತ್ತು. ಪ್ರದರ್ಶನ ಹತ್ತಿರ ಬಂದಿತ್ತು, ಒಂದು ಚಿತ್ರ ಕಡಿಮೆ ಇತ್ತು. ಯಾರಿಗೂ ಹೇಳೋ ಹಾಗಿರಲಿಲ್ಲ. ಅವನಿಗೆ ಗೊತ್ತಾಯ್ತು. ಒಂದು ಬೆಳಿಗ್ಗೆ ಇದನ್ನ ಹೊತ್ತು ತಂದು ಗೋಡೆಗೆ ಒರಗಿಸಿ, ಸಹಿ ಹಾಕಿ ಮೇಷ್ಟ್ರೇ ಅಂದ. ಬೇಡ ಅನ್ನಬೇಕಿತ್ತು." ಮುದುಕರು ಉಸಿರು ಎಳೆದುಕೊಂಡರು. "ಅನ್ನಲಿಲ್ಲಮ್ಮ. ನನಗಿಂತ ಚೆನ್ನಾಗಿ ಬರೆದಿದ್ದ."

"ನಾನು ಅವನ್ನ ಬೈದೆ" ಎಂದಳು ಫ್ರೇಮಕ್ಕ. "ನಾಲ್ಕು ತಿಂಗಳು ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ."

ಮೇಷ್ಟ್ರು ಅಳತೊಡಗಿದರು. ಅವಳಿಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಜಾರಿದ ಶಾಲನ್ನು ಎತ್ತಿ ಅವರ ಮೊಣಕಾಲ ಮೇಲೆ ಹೊದಿಸಿದಳು. ಹೊರಡುವ ಮುಂಚೆ ಮೇಷ್ಟ್ರು, ತಾವು ಹೇಳಿದ್ದೆಲ್ಲವನ್ನೂ ಮೇಡಂ ಕೈಯಲ್ಲಿ ಬರೆಸಿ, ಎಡಗೈಯಿಂದ ಬಲಗೈ ಹಿಡಿದುಕೊಂಡು ಸಹಿ ಹಾಕಿದರು.

ಮೇಡಂ ಹೇಳಿದ ಹಾಗೇ ಆಯಿತು. ಕಂಪನಿಯ ಮ್ಯಾನೇಜರು ಕಾಗದ ಓದಿ ತಲೆ ಮೇಲೆ ಕೈಹೊತ್ತು ಕೂತರು. "ಈ ಹೆಸರು ಯಾರೂ ಕೇಳಿಲ್ಲ. ಬೇರೆ ಒಂದು ಚಿತ್ರಾನೂ ಇಲ್ಲ. ಇದನ್ನ ಹರಾಜಿಗೆ ಹೇಗ್ರಿ ಇಡೋದು?" ಕ್ಯಾಟಲಾಗು ಅಚ್ಚಾಗಿ ಬಂದಾಗಿತ್ತು. ಪ್ರತಿಯೊಂದರೊಳಗೂ ಒಂದು ಚೀಟಿ ಸೇರಿಸಿದರು: ಇಪ್ಪತ್ತೇಳನೆಯ ಕೃತಿಯನ್ನು ಹಿಂಪಡೆಯಲಾಗಿದೆ. ಯಾಕೆಂದು ಬರೆಯಲಿಲ್ಲ. ಹಾಲ್‌ನಲ್ಲಿ ಇಪ್ಪತ್ತಾರು ಮತ್ತು ಇಪ್ಪತ್ತೆಂಟನ್ನು ಒಂದಿಷ್ಟು ಹತ್ತಿರ ಸರಿಸಿದರು, ಜಾಗ ತುಂಬಿತು.

ಚಿತ್ರವನ್ನು ಹಿಂದೆ ಕೊಂಡು ಈಗ ಹರಾಜಿಗೆ ಕಳಿಸಿದ್ದ ಒಡೆಯರು ಸಿಟ್ಟಿನಲ್ಲಿದ್ದರು. ತಾವು ಬರದೆ ಗಾಡಿ ಕಳಿಸಿದರು. ಫ್ರೇಮಕ್ಕ ಸಡಿಲವಾಗಿದ್ದ ಮೂಲೆಗಳಿಗೆ ಅಂಟು ಹಚ್ಚಿ, ಹೊಸ ಮೊಳೆ ಹೊಡೆದು, ಕಾಗದ ಸುತ್ತಿ, ತಾನೇ ಒಂದು ಕೊನೆ ಹಿಡಿದು ಗಾಡಿಯವರೆಗೆ ಹೋದಳು. "ಇದನ್ನ ಮನೇಲಿ ತೂಗುಹಾಕ್ತಾರಾ?" ಎಂದು ಡ್ರೈವರನ್ನು ಕೇಳಿದಳು. "ಗೋದಾಮಿಗೆ ಹಾಕು ಅಂದಿದ್ದಾರಮ್ಮ" ಎಂದ ಅವನು. ಗಾಡಿ ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

ಸಂಜೆ ಮನೆಗೆ ಹೋದಾಗ ಅಮ್ಮ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಎಂಬತ್ತೆರಡು ವಯಸ್ಸು, ಕಣ್ಣು ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಫ್ರೇಮಕ್ಕ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯಲ್ಲಿ ಅವನ ಬಾಯಿ ಮುಚ್ಚಿಸಿದ್ದನ್ನೂ ಮೊದಲ ಸಲ ಹೇಳಿದಳು.

ಅಮ್ಮ ಮಡಿಸುವುದನ್ನು ನಿಲ್ಲಿಸಿದಳು. "ನನ್ನನ್ನ ಹೇಗೆ ಬರೆದಿದ್ದಾನೆ?"

"ಬೆನ್ನು ಮಾತ್ರ ಅಮ್ಮ. ಬಟ್ಟೆ ಹಿಂಡ್ತಾ ಇದ್ದೀಯ. ತೋಳು ಒದ್ದೆಯಾಗಿದೆ. ಜಡೆ ಅರ್ಧ ಬಿಚ್ಚಿದೆ."

"ಮುಖ ಇಲ್ವಾ?"

"ಇಲ್ಲ."

"ಹೇಗೆ ಬಂದೀತು?" ಎಂದಳು ಅಮ್ಮ. "ಹಿಂದೆ ಕೂತು ಬರೀತಾನೇ ಇರ್ತಿದ್ದ. ನನಗೆ ಕೆಲಸದ ಗಡಿಬಿಡಿ. ಒಂದು ದಿನಾನೂ ತಿರುಗಿ ನೋಡಲಿಲ್ಲ ನಾನು."

ಫ್ರೇಮಕ್ಕ ಅಮ್ಮನ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು, ಇನ್ನೊಂದು ತುದಿಯನ್ನು ಅವಳಿಗೆ ಹಿಡಿಸಿ, ಮಡಿಸತೊಡಗಿದಳು.